ನಮ್ಮ ಹೊಲದ ಹೊಗೆಸೊಪ್ಪು: ಶಾಸ್ತ್ರಜ್ಞರು ಕಂಡುಕೊಂಡ ಕೆಲವು ಸಂಗತಿಗಳು

ಪ್ರಕೃತಿಯ ವಿಷಯದಲ್ಲಿ ಹೊಸ ಹೊಸ ಸಂಗತಿಗಳು ವರ್ಷೇ ವರ್ಷೇ ಕಂಡುಹಿಡಿಯಲ್ಪಡುತ್ತಿರುವುದನ್ನು ನಾವೆಲ್ಲರೂ ವೃತ್ತಪತ್ರಿಕೆಗಳಲ್ಲಿ ಓದುತ್ತಿರುತ್ತೇವೆ. ಆದರೆ ಅಂಥ ವಾರ್ತೆಗಳು ದೂರದ ಸಮುದ್ರಗಳಿಗೂ ಹಿಮಪರ್ವತಗಳಿಗೂ ನಕ್ಷತ್ರಗಳಿಗೂ ಸಂಬಂಧಪಟ್ಟವುಗಳೆಂದೂ, ನಮ್ಮ ಊರುಕೇರಿಗಳ ಬದುಕಿಗೆ ಅವುಗಳಿಂದ ಆಗಬೇಕಾದದ್ದು ಏನೂ ಇಲ್ಲವೆಂದೂ ಎಣಿಸುವುದು ಸಾಮಾನ್ಯವಾಗಿದೆ. ಈ ಎಣಿಕೆಯು ಸರಿಯಾದದ್ದಲ್ಲ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ನಮ್ಮ ನಾಲ್ಕು ತಾಲ್ಲೂಕುಗಳ ಕೆಂಪು ನೆಲದಲ್ಲಿ, ಶಾಲೆಗೆ ಬರುವ ದಾರಿಯ ಎರಡು ಮಗ್ಗುಲುಗಳಲ್ಲಿಯೂ ಬೆಳೆಯುವ ಒಂದು ಗಿಡವು, ಸಸ್ಯಗಳ ಜೀವಿತದ ವಿಷಯದಲ್ಲಿ ಲೋಕದ ಪಂಡಿತರಿಗೆ ಬಹಳ ಪಾಠಗಳನ್ನು ಕಲಿಸಿದೆ; ಇಂದಿಗೂ ಕಲಿಸುತ್ತಲಿದೆ. ಆ ಗಿಡವು ಹೊಗೆಸೊಪ್ಪು. ಅದನ್ನು ಕುರಿತು ಕಂಡುಹಿಡಿಯಲ್ಪಟ್ಟ ಕೆಲವು ಸಂಗತಿಗಳನ್ನು ಈ ಸ್ಮರಣಸಂಚಿಕೆಯ ವಾಚಕರಿಗೆ ತಿಳಿಸಬೇಕೆಂಬದು ನಮ್ಮ ಉದ್ದೇಶ. ಅವುಗಳೊಳಗೆ ಒಂದು ಸಂಗತಿಯು ಆ ಸೊಪ್ಪನ್ನು ಮುರಿಯುವ ಕೈಗಳಿಗೇ ಸಂಬಂಧಪಟ್ಟದ್ದಾಗಿರುವುದರಿಂದ, ಅದನ್ನು ನಮ್ಮ ಬಾಲಿಕೆಯರು ಚೆನ್ನಾಗಿ ಗ್ರಹಿಸಿಕೊಂಡು ತಮ್ಮ ಮನೆಗಳಿಗೆ ಒಯ್ಯಬೇಕೆಂದು ವಿಶೇಷವಾಗಿ ಅಪೇಕ್ಷಿಸುತ್ತೇವೆ.

ಹೊಗೆಸೊಪ್ಪು ನಮ್ಮ ನಾಡಿನ ಮೂಲವಾಸಿಯಲ್ಲ. ಅದರ ತವರು ಅಮೆರಿಕಾ ಖಂಡ. ಪೋರ್ಚುಗೀಸರ ಹಡಗುಗಳ ಮೂಲಕ ಅದು ಹಿಂದೂದೇಶಕ್ಕೆ ಬಂದಿತು. ಲಿಸ್ಬನ್ ಪಟ್ಟಣದಲ್ಲಿ ಫ್ರಾನ್ಸ್ ದೇಶದ ರಾಯಭಾರಿಯಾಗಿದ್ದ ಜ್ಯಾನ್ ನಿಕೋ ಎಂಬವನು ಸುಮಾರು ೧೫೬೦ರಲ್ಲಿ ಅದನ್ನು ತನ್ನ ಅರಸನ ಆಸ್ಥಾನಕ್ಕೆ ಕಳುಹಿಸಿದ್ದರಿಂದ ಸಸ್ಯಶಾಸ್ತ್ರಜ್ಞರು ಆ ಗಿಡದ ಕುಲಕ್ಕೆ ನಿಕೋಷಿಯಾನಾ ಎಂದು ಹೆಸರಿಟ್ಟರು. ಅದು ಬದನೆ, ಟೊಮೆಟೊ, ಆಲೂಗೆಡ್ಡೆ, ಮೆಣಸಿನಕಾಯಿ, ದತ್ತೂರಿ ಇವುಗಳಿಗೆ ಒಡಹುಟ್ಟಿದ್ದೆಂದು ಹೇಳಿದರೆ ನಮ್ಮ ಚಿಕ್ಕ ತರಗತಿಯ ಮಕ್ಕಳಿಗೆ ಆಶ್ಚರ್ಯವಾಗಬಹುದು. ಆದರೆ ಅವುಗಳ ಹೂಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಿದರೆ ಐದು ದಳಗಳು ಕೂಡಿ ಒಂದಾಗಿರುವ ರೀತಿಯಿಂದಲೇ ಈ ಸಂಬಂಧವು ಗೊತ್ತಾಗುತ್ತದೆ. ಬೀಜವಾದರೋ ಅತಿ ಸೂಕ್ಷ್ಮವಾದದ್ದು. ಒಂದು ಗ್ರಾಂ ತೂಕದಲ್ಲಿ ೧೦,೦೦೦ಕ್ಕೆ ಕಡಿಮೆಯಿಲ್ಲದಷ್ಟು ಬೀಜಗಳಿರುತ್ತವೆ.

ನಮ್ಮ ಸೀಮೆಯಲ್ಲಿ ಬೇಸಿಗೆಯಲ್ಲಿ ಪಾತಿಗಳಲ್ಲಿ ಸಸಿಯನ್ನು ಬೆಳಸಿ, ಮುಂಗಾರು ಮಳೆ ಬಿದ್ದ ಮೇಲೆ ಹೊಲದಲ್ಲಿ ನೆಟ್ಟು, ಆಷಾಢ ಶ್ರಾವಣಗಳಿಂದ ಮೊದಲುಗೊಂಡು ಎಲೆ ಮುರಿಯುತ್ತಾರೆ. ಕೃಷ್ಣರಾಜನಗರದ ಕಾಲುವೆಯ ಬಯಲುಗಳಲ್ಲಿ ಬತ್ತವೇ ಪ್ರಧಾನವಾಗಿದ್ದರೂ, ಮಳೆಯನ್ನೇ ನಂಬಿರುವ ಎತ್ತರದ ಹೊಲಗಳಲ್ಲಿ ಹೊಗೆಸೊಪ್ಪೇ ಅನೇಕರಿಗೆ ಕೈಗೆ ಹಣ ತರುವ ಬೆಳೆಯಾಗಿದೆ. ಎಲೆಗಳೆಲ್ಲಾ ಒಂದೇ ಸಾರಿ ಬಲಿಯುವುದಿಲ್ಲವಾದ್ದರಿಂದ, ಬುಡದಿಂದ ತುದಿಯ ಕಡೆಗೆ ಪ್ರತಿ ಸಾರಿಯೂ ಎರಡು ಮೂರು ಎಲೆಗಳಂತೆ ಮುರಿಯಬೇಕಾಗುತ್ತದೆ. ಆಮೇಲೆ ಅವುಗಳನ್ನು ಕಡ್ಡಿಗಳಿಗೆ ಕಟ್ಟಿ, ಜನರು ಬ್ಯಾರನ್ ಎಂದು ಕರೆಯುವ ಎತ್ತರವಾದ ಮನೆಯಲ್ಲಿ ತೂಗಹಾಕಿ, ಕಬ್ಬಿಣದ ಕೊಳವೆಗಳ ಮೂಲಕ ಹಾಯಿಸಿದ ಬಿಸಿಯಿಂದ ಹದಮಾಡುತ್ತಾರೆ. ೧೯೭೫ರ ಕಾನೂನಿನ ಪ್ರಕಾರ ೧೯೭೬ರಲ್ಲಿ ಏರ್ಪಟ್ಟ ತಂಬಾಕು ಮಂಡಳಿಯು ನಡಿಸುವ ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರ ಮೊದಲಾದ ಹರಾಜುಕಟ್ಟೆಗಳ ಹೆಸರುಗಳನ್ನು ನಮ್ಮ ಮಕ್ಕಳು ಭೂಗೋಳದ ಪುಸ್ತಕವನ್ನು ಓದುವುದಕ್ಕೆ ಮುಂಚೆಯೇ ಬಲ್ಲರು.

ಈ ಗಿಡದ ಎಲೆಯಲ್ಲಿ ನಿಕೋಟಿನ್ ಎಂಬ ವಿಷವಿರುವುದು ಎಲ್ಲರಿಗೂ ತಿಳಿದ ವಿಷಯ. ಜರ್ಮನಿಯ ಹೈಡೆಲ್‌ಬರ್ಗ್ ವಿಶ್ವವಿದ್ಯಾನಿಲಯದ ಪೊಸೆಲ್ಟ್ ಮತ್ತು ರೈಮನ್ ಎಂಬ ಇಬ್ಬರು ಪಂಡಿತರು ೧೮೨೮ರಲ್ಲಿ ಅದನ್ನು ಎಲೆಯಿಂದ ಬೇರ್ಪಡಿಸಿದರು. ಎಲೆಯಲ್ಲಿ ದೊರಕುವ ಪದಾರ್ಥವು ಎಲೆಯಲ್ಲಿಯೇ ಹುಟ್ಟುವುದೆಂದು ಬಹುಕಾಲ ಜನರು ನಂಬಿದ್ದದ್ದು ಸಹಜವೇ. ಆದರೆ ಅಮೆರಿಕಾ ದೇಶದ ಡಾಸನ್ ಎಂಬ ಸಸ್ಯಶಾಸ್ತ್ರಜ್ಞರು ೧೯೪೨ರಲ್ಲಿ ಪ್ರಕಟಿಸಿದ ಪ್ರಯೋಗವು ಬೇರೆಯೇ ಸಂಗತಿಯನ್ನು ತೋರಿಸಿತು. ಮಾವಿನ ಗಿಡಕ್ಕೆ ತೋಟಗಾರನು ಕಸಿಕಟ್ಟುವುದನ್ನು ನೀವು ನೋಡಿರುವಿರಿ. ಹೊಗೆಸೊಪ್ಪೂ ಟೊಮೆಟೊವೂ ಒಂದೇ ಕುಟುಂಬದವುಗಳಾದ್ದರಿಂದ ಅವುಗಳನ್ನೂ ಹಾಗೆಯೇ ಒಂದಕ್ಕೊಂದು ಕಸಿಮಾಡಬಹುದು. ಟೊಮೆಟೊವಿನ ಬೇರಿನ ಮೇಲೆ ಹೊಗೆಸೊಪ್ಪಿನ ತುದಿಯನ್ನು ಕಟ್ಟಿದಾಗ, ಬೆಳೆದ ಹೊಗೆಸೊಪ್ಪಿನ ಎಲೆಯಲ್ಲಿ ನಿಕೋಟಿನ್ ಸಂಗ್ರಹವಾಗಲಿಲ್ಲ. ಹೊಗೆಸೊಪ್ಪಿನ ಬೇರಿನ ಮೇಲೆ ಟೊಮೆಟೊವನ್ನು ಕಟ್ಟಿದಾಗಲಾದರೋ, ನಿರಪರಾಧಿಯಾದ ಟೊಮೆಟೊವಿನ ಎಲೆಯಲ್ಲಿ ನಿಕೋಟಿನ್ ತುಂಬಿಕೊಂಡಿತು. ಇದರಿಂದ ವಿಷವು ಬೇರಿನಲ್ಲಿ ತಯಾರಾಗಿ ರಸದ ಸಂಗಡ ಮೇಲಕ್ಕೇರಿ ಎಲೆಯಲ್ಲಿ ನೆಲಸುತ್ತದೆಂದು ಸಿದ್ಧವಾಯಿತು. ಒಂದು ಚೂರಿಯೂ ಸ್ವಲ್ಪ ದಾರವೂ ಇದ್ದು, ಅವುಗಳ ಜೊತೆಗೆ ಸರಿಯಾದ ಪ್ರಶ್ನೆಯೂ ಇದ್ದರೆ ಪ್ರಕೃತಿಯಿಂದ ಎಂಥ ಉತ್ತರವನ್ನು ಪಡೆಯಬಹುದೆಂಬದಕ್ಕೆ ಇದಕ್ಕಿಂತ ಉತ್ತಮವಾದ ದೃಷ್ಟಾಂತವು ನಮಗೆ ತಿಳಿಯದು.

ರೈತರು ಹೂವಿನ ಕುಡಿಯನ್ನು ಮುರಿದುಹಾಕಿದ ಮೇಲೆ ಎಲೆಯು ದಪ್ಪವಾಗಿ ಅದರ ಖಾರವು ಹೆಚ್ಚುವುದಕ್ಕೂ ಇಲ್ಲಿಯೇ ಕಾರಣವಿದೆ. ತುದಿಗೆ ಗಾಯವಾದ ಕೂಡಲೆ ಆ ವರ್ತಮಾನವು ಗಿಡದೊಳಗಿನ ರಸಗಳ ಮೂಲಕ ಬೇರಿಗೆ ಮುಟ್ಟುತ್ತದೆ. ಬೇರು ಹೆಚ್ಚಾದ ವಿಷವನ್ನು ತಯಾರಿಸಿ ಮೇಲಕ್ಕೆ ಕಳುಹಿಸುತ್ತದೆ. ಹಾಗಾದರೆ ಗಿಡಕ್ಕೆ ಈ ವಿಷವು ಯಾತಕ್ಕೆ ಬೇಕು? ಜರ್ಮನಿಯ ಯೆನಾ ಪಟ್ಟಣದಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಇಯಾನ್ ಬಾಲ್ಡ್‌ವಿನ್ ಎಂಬವರೂ ಅವರ ಸಂಗಡಿಗರೂ ಅಮೆರಿಕಾದ ಯೂಟಾ ಸಂಸ್ಥಾನದ ಬೆಂಗಾಡಿನಲ್ಲಿ ಬೆಳೆಯುವ ಕಾಡುಹೊಗೆಸೊಪ್ಪಿನ ಮೇಲೆ ಅನೇಕ ವರ್ಷಗಳ ಪರ್ಯಂತರ ಪರೀಕ್ಷೆಗಳನ್ನು ನಡಿಸಿದರು. ನಿಕೋಟಿನ್ ತಯಾರಿಸುವ ಶಕ್ತಿಯನ್ನು ಅಡಗಿಸಿದ ಗಿಡಗಳನ್ನು ಅವರು ಬಯಲಿನಲ್ಲಿ ನೆಟ್ಟಾಗ, ಹುಳುಹುಪ್ಪಟೆಗಳು ಅವುಗಳ ಎಲೆಗಳನ್ನು ಮಿಕ್ಕ ಗಿಡಗಳಿಗಿಂತ ಮೂರು ಪಾಲು ಹೆಚ್ಚಾಗಿ ತಿಂದುಹಾಕಿದವೆಂದು ೨೦೦೪ರಲ್ಲಿ ಪ್ರಕಟವಾಯಿತು. ಓಡಿಹೋಗಲಾರದ ಗಿಡಕ್ಕೆ ವಿಷವೇ ಬೇಲಿ.

ಇಷ್ಟೇ ಅಲ್ಲ. ಹುಳುವು ಎಲೆಯನ್ನು ಕಡಿಯಲಾರಂಭಿಸಿದಾಗ ಆ ಗಿಡವು ಒಂದು ಬಗೆಯ ವಾಸನೆಯನ್ನು ಗಾಳಿಯಲ್ಲಿ ಹರಡಿಸುತ್ತದೆಂದೂ, ಆ ವಾಸನೆಯನ್ನು ಹಿಡಿದು ಬೇರೆ ಕೀಟಗಳು ಬಂದು ಹುಳುವಿನ ಮೊಟ್ಟೆಗಳನ್ನು ತಿನ್ನುತ್ತವೆಂದೂ ಅದೇ ಸಂಸ್ಥೆಯವರು ೨೦೦೧ರಲ್ಲಿ ತೋರಿಸಿದರು. ನಿಕೋಟಿನ್ ತಿಂದರೂ ಸಾಯದ ಒಂದು ಜಾತಿಯ ಅಮೆರಿಕಾದ ಹುಳುವು, ತಾನು ತಿಂದ ವಿಷದಲ್ಲಿ ಸ್ವಲ್ಪ ಭಾಗವನ್ನು ಮೈಮೇಲಿನ ಉಸಿರಾಟದ ರಂಧ್ರಗಳಿಂದ ಹೊರಗೆ ಬಿಟ್ಟು, ತನ್ನನ್ನು ಹಿಡಿಯಬಂದ ಜೇಡನನ್ನು ಹಿಮ್ಮೆಟ್ಟಿಸುತ್ತದೆಂಬದು ೨೦೧೪ರಲ್ಲಿ ತಿಳಿದುಬಂದಿತು. ಗಿಡದ ಆಯುಧವನ್ನೇ ಕದ್ದುಕೊಂಡು ತನ್ನ ಶತ್ರುವಿನ ಮೇಲೆ ಪ್ರಯೋಗಿಸುವ ಈ ಹುಳುವಿನ ಚಮತ್ಕಾರವನ್ನು ಏನೆಂದು ಹೇಳೋಣ!

ಇನ್ನೂ ಹೊಸದಾದ ಒಂದು ವಾರ್ತೆಯುಂಟು. ಗಿಡಗಳು ಮೂಕವಾದವುಗಳೆಂದು ನಾವೆಲ್ಲರೂ ತಿಳಿದಿದ್ದೇವೆ. ಇಸ್ರೇಲ್ ದೇಶದ ಟೆಲ್ ಅವೀವ್ ವಿಶ್ವವಿದ್ಯಾನಿಲಯದಲ್ಲಿ ಲಿಲಾಕ್ ಹದಾನಿ ಎಂಬ ಪಂಡಿತೆಯೂ ಅವರ ಸಂಗಡಿಗರೂ ಹೊಗೆಸೊಪ್ಪಿನ ಗಿಡಗಳನ್ನೂ ಟೊಮೆಟೊ ಗಿಡಗಳನ್ನೂ ತೆಗೆದುಕೊಂಡು, ಮನುಷ್ಯನ ಕಿವಿಗೆ ಕೇಳಿಸದಷ್ಟು ಕೀಚಲಾದ ಶಬ್ದಗಳನ್ನು ಹಿಡಿಯುವ ಯಂತ್ರಗಳನ್ನು ಅವುಗಳ ಹತ್ತಿರ ಇಟ್ಟರು. ಕೆಲವು ಗಿಡಗಳಿಗೆ ನೀರು ಕೊಟ್ಟರು. ಕೆಲವಕ್ಕೆ ನೀರನ್ನು ನಿಲ್ಲಿಸಿದರು. ಕೆಲವುಗಳ ಕಾಂಡವನ್ನು ಕತ್ತರಿಸಿದರು. ೨೦೨೩ರ ಮಾರ್ಚ್ ತಿಂಗಳಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ, ಬಾಯಾರಿದ ಅಥವಾ ಗಾಯಗೊಂಡ ಗಿಡವು ಗಂಟೆಗೆ ಸುಮಾರು ೩೦ರಿಂದ ೫೦ ಸಾರಿ ಚಿಟಿಕೆ ಹಾಕಿದಂಥ ಶಬ್ದವನ್ನು ಮಾಡುತ್ತದೆ. ಸುಖವಾಗಿರುವ ಗಿಡವಾದರೋ ಗಂಟೆಗೆ ಒಂದು ಸಾರಿಯಾದರೂ ಶಬ್ದಮಾಡುವುದು ಅಪರೂಪ. ನಮ್ಮ ಕಿವಿಯು ಸೆಕೆಂಡಿಗೆ ೨೦,೦೦೦ ಕಂಪನಗಳಿಗಿಂತ ಹೆಚ್ಚಾದ ಶಬ್ದವನ್ನು ಕೇಳಲಾರದು. ಈ ಶಬ್ದಗಳು ೪೦,೦೦೦ದಿಂದ ೮೦,೦೦೦ ಕಂಪನಗಳವು. ಕಾಂಡದೊಳಗೆ ನೀರನ್ನು ಸಾಗಿಸುವ ಸೂಕ್ಷ್ಮ ನಾಳಗಳಲ್ಲಿ ಗಾಳಿಯ ಗುಳ್ಳೆಗಳು ಹುಟ್ಟಿ ಒಡೆಯುವುದರಿಂದ ಇವು ಉಂಟಾಗುವಂತೆ ಕಾಣುತ್ತದೆ. ಆದಕಾರಣ ಗಿಡವು ಅಳುತ್ತದೆ ಅಥವಾ ಮಾತಾಡುತ್ತದೆ ಎಂದು ಇದರಿಂದ ಹೇಳಕೂಡದು. ತುಂಬಿದ ಕೊಳವೆಯಲ್ಲಿ ಗಾಳಿ ಸಿಕ್ಕಿಕೊಂಡಾಗ ಅದು ಗುಳುಗುಳಿಸುವುದಿಲ್ಲವೇ? ಆದರೂ ಆ ಶಬ್ದವನ್ನು ಬೇರೆ ಪ್ರಾಣಿಗಳು ಕೇಳಿ ಪ್ರಯೋಜನ ಪಡೆಯಬಹುದು. ಸುಸ್ಥಿತಿಯಲ್ಲಿರುವ ಎರಡು ಟೊಮೆಟೊ ಗಿಡಗಳಲ್ಲಿ ಒಂದರ ಹತ್ತಿರ ಮಾತ್ರ ಬಾಯಾರಿದ ಗಿಡದ ಶಬ್ದವನ್ನು ನುಡಿಸಿದಾಗ, ಮೊಟ್ಟೆಯಿಡುವ ಪತಂಗಗಳು ಶಬ್ದವಿಲ್ಲದ ಗಿಡವನ್ನೇ ಹೆಚ್ಚಾಗಿ ಆರಿಸಿಕೊಂಡವೆಂದು ಅದೇ ವಿಶ್ವವಿದ್ಯಾನಿಲಯದವರು ೨೦೨೫ರಲ್ಲಿ ತಿಳಿಸಿದರು. ಆ ಪತಂಗವು ನಮ್ಮ ಹೊಲಗಳಲ್ಲಿ ಹೊಗೆಸೊಪ್ಪನ್ನು ತಿನ್ನುವ ಹುಳುವಿನ ಹತ್ತಿರದ ಬಂಧು.

ಇಲ್ಲಿಯ ವರೆಗೆ ಗಿಡವೂ ಹುಳುವೂ ಒಂದಕ್ಕೊಂದು ಏನು ಮಾಡುತ್ತವೆಂಬದನ್ನು ನೋಡಿದೆವು. ಇನ್ನು ಗಿಡಕ್ಕೂ ಮನುಷ್ಯನ ಕೈಗೂ ಇರುವ ಸಂಬಂಧವನ್ನು ವಿಚಾರಿಸೋಣ. ಅದು ಎರಡು ವಿಧವಾದದ್ದು. ಕೈಯಿಂದ ಗಿಡಕ್ಕೆ ರೋಗವು ಹೋಗುವುದುಂಟು. ಗಿಡದಿಂದ ಕೈಗೆ ವಿಷವು ಬರುವುದೂ ಉಂಟು.

ಮೊದಲನೆಯದನ್ನು ಕುರಿತು: ಹೊಗೆಸೊಪ್ಪಿನ ಎಲೆಯಲ್ಲಿ ತಿಳಿಹಸುರು, ಕಡುಹಸುರು ಮಚ್ಚೆಗಳು ಚೌಕಬಾರೆಯ ಮನೆಗಳಂತೆ ಕಾಣಿಸಿಕೊಂಡು ಬೆಳೆ ಕುಗ್ಗುವುದನ್ನು ರೈತರು ಬಲ್ಲರು. ರೋಗದ ಎಲೆಯ ರಸವನ್ನು ಒಳ್ಳೆಯ ಗಿಡಕ್ಕೆ ಹಚ್ಚಿದರೆ ಅದಕ್ಕೂ ರೋಗ ಅಂಟುತ್ತದೆಂದು ಹಾಲೆಂಡ್ ದೇಶದಲ್ಲಿದ್ದ ಮಾಯರ್ ಎಂಬವರು ೧೮೮೬ರಲ್ಲಿ ತೋರಿಸಿದರು. ಅತಿ ಚಿಕ್ಕ ಸೂಕ್ಷ್ಮಜೀವಿಗಳನ್ನೂ ತಡೆಯುವ ಸೋಸುಕದ ಮೂಲಕ ಆ ರಸವನ್ನು ಸೋಸಿದರೂ ರೋಗದ ಶಕ್ತಿಯು ಉಳಿಯುತ್ತದೆಂದು ರಷ್ಯದ ಇವನೋವ್‌ಸ್ಕಿಯವರು ೧೮೯೨ರಲ್ಲಿ ಕಂಡರು. ೧೮೯೮ರಲ್ಲಿ ಹಾಲೆಂಡಿನ ಬೈಯರಿಂಕ್ ಎಂಬವರು ಇದು ಹೊಸ ಬಗೆಯ ರೋಗಕಾರಣವೆಂದು ನಿಶ್ಚಯಿಸಿ ಅದನ್ನು ವೈರಸ್ ಎಂದು ಕರೆದರು. ಹೀಗೆ, ಸಿಡುಬಿನಿಂದ ಕೊರೋನದ ವರೆಗೆ ನಮ್ಮನ್ನು ಬಾಧಿಸಿದ ಎಷ್ಟೋ ರೋಗಗಳ ಕಾರಣವನ್ನು ತಿಳಿಯುವುದಕ್ಕೆ ಮೊದಲನೆಯ ಬಾಗಿಲು ತೆರೆದದ್ದು ಹೊಗೆಸೊಪ್ಪಿನ ಎಲೆಯಲ್ಲಿಯೇ. ೧೯೩೫ರಲ್ಲಿ ಈ ವೈರಸ್ಸನ್ನು ಹರಳಿನ ರೂಪದಲ್ಲಿ ಪಡೆದ ಅಮೆರಿಕಾದ ಸ್ಟ್ಯಾನ್ಲಿಯವರಿಗೆ ೧೯೪೬ರ ನೊಬೆಲ್ ಬಹುಮಾನದಲ್ಲಿ ಪಾಲು ದೊರಕಿತು. ಅದರ ಒಳರಚನೆಯನ್ನು ಕ್ಷಕಿರಣಗಳ ಸಹಾಯದಿಂದ ವಿಶದಪಡಿಸಿದವರಲ್ಲಿ ಮುಖ್ಯರಾದವರು ಲಂಡನಿನ ರೋಸಲಿಂಡ್ ಫ್ರಾಂಕ್ಲಿನ್ ಎಂಬ ಮಹಿಳೆ. ೧೯೫೮ರಲ್ಲಿ, ಕೇವಲ ೩೭ನೆಯ ವಯಸ್ಸಿನಲ್ಲಿ ತೀರಿಕೊಳ್ಳುವ ವರೆಗೂ ಅವರು ಈ ಕೆಲಸದಲ್ಲಿ ತೊಡಗಿದ್ದರೆಂಬದನ್ನು ನಮ್ಮ ವಿದ್ಯಾರ್ಥಿನಿಯರು ಜ್ಞಾಪಕದಲ್ಲಿಡತಕ್ಕದ್ದು. ಈ ವೈರಸ್ಸು ಒಣಗಿದ ಎಲೆಯಲ್ಲಿಯೂ ಅನೇಕ ವರ್ಷ ಕೆಡದೆ ಉಳಿಯುತ್ತದೆ. ಆದಕಾರಣ ಬೀಡಿ ಸಿಗರೇಟು ಮುಟ್ಟಿದ ಕೈಯಿಂದ ಸಸಿಯ ಪಾತಿಯನ್ನು ಮುಟ್ಟಬಾರದು. ಸಾಬೂನಿನಿಂದ ಕೈ ತೊಳೆದೇ ಸಸಿಯನ್ನು ಕೀಳಬೇಕು.

ಎರಡನೆಯದೇ ನಾವು ಆರಂಭದಲ್ಲಿ ಸೂಚಿಸಿದ ಮುಖ್ಯ ಸಂಗತಿ. ಸೊಪ್ಪು ಮುರಿಯುವ ಕಾಲದಲ್ಲಿ ಕೆಲಸಕ್ಕೆ ಹೋದವರಿಗೆ ತಲೆ ಸುತ್ತುವುದು, ಹೊಟ್ಟೆ ತೊಳಸುವುದು, ವಾಂತಿಯಾಗುವುದು, ತಲೆನೋವು, ಬೆವರು, ನಿಲ್ಲಲಾರದಷ್ಟು ನಿತ್ರಾಣ ಇವು ಕೆಲವು ವೇಳೆ ಉಂಟಾಗುತ್ತವೆ. ಇದನ್ನು ಬಿಸಿಲು ಬಡಿದದ್ದೆಂದೂ, ಪಿತ್ತವೆಂದೂ, ದೃಷ್ಟಿಯಾದದ್ದೆಂದೂ ಜನರು ಹೇಳುವುದುಂಟು. ಅಮೆರಿಕಾದ ಫ್ಲಾರಿಡಾ ಸಂಸ್ಥಾನದಲ್ಲಿ ಹೊಗೆಸೊಪ್ಪು ಮುರಿಯುವ ಕೂಲಿಯವರಲ್ಲಿ ಇದೇ ಲಕ್ಷಣಗಳನ್ನು ಕಂಡ ವೈದ್ಯರು ೧೯೭೦ರಲ್ಲಿ ಅದನ್ನು ವರ್ಣಿಸಿ ಬರೆದರು. ಬೇರೆ ವೈದ್ಯರು ಅದನ್ನು ಮುಂದುವರಿಸಿ ಪರೀಕ್ಷಿಸಿ, ಇದು ಹಸಿ ಎಲೆಯ ನಿಕೋಟಿನ್ ಚರ್ಮದ ಮೂಲಕ ರಕ್ತಕ್ಕೆ ಸೇರುವುದರಿಂದ ಆಗುವ ವಿಷಬಾಧೆಯೆಂದು ನಿಶ್ಚಯಿಸಿ, ‘ಹಸಿ ಹೊಗೆಸೊಪ್ಪಿನ ರೋಗ’ ಎಂಬ ಅರ್ಥದ ಹೆಸರನ್ನು ಕೊಟ್ಟರು.

ಚರ್ಮವು ಇಷ್ಟು ಗಟ್ಟಿಯಾಗಿರುವಾಗ ವಿಷವು ಹೇಗೆ ಒಳಗೆ ಹೋದೀತೆಂದು ಕೇಳಬಹುದು. ನಿಕೋಟಿನ್ ನೀರಿನಲ್ಲಿಯೂ ಕರಗುತ್ತದೆ, ಕೊಬ್ಬಿನಲ್ಲಿಯೂ ಕರಗುತ್ತದೆ. ಎಲೆಯ ಮೇಲೆ ಮಳೆಯ ಹನಿಯೋ ಮಂಜಿನ ಹನಿಯೋ ನಿಂತಾಗ ಅದು ಆ ನೀರಿಗೆ ಇಳಿಯುತ್ತದೆ. ಆ ನೀರು ಕೈಗೂ ಬಟ್ಟೆಗೂ ತಗಲಿದಾಗ ಚರ್ಮದ ಕೊಬ್ಬಿನ ಪದರವನ್ನು ದಾಟಿ ಒಳಗೆ ಸೇರುತ್ತದೆ. ಅಮೆರಿಕಾದ ಹೊಲಗಳಲ್ಲಿ ಎಲೆಯ ಮೇಲಿನ ಮಂಜಿನ ನೀರನ್ನು ಪರೀಕ್ಷಿಸಿದಾಗ, ೧೦೦ ಮಿಲಿಲೀಟರಿನಲ್ಲಿ ೯ ಮಿಲಿಗ್ರಾಮಿನ ವರೆಗೆ ನಿಕೋಟಿನ್ ಕಂಡುಬಂದಿತು. ಒಂದು ಸಿಗರೇಟಿನಿಂದ ಸೇದುವವನ ದೇಹಕ್ಕೆ ಸೇರುವುದು ಸುಮಾರು ೧ ಮಿಲಿಗ್ರಾಂ ಮಾತ್ರ. ತೊಟ್ಟ ಬಟ್ಟೆಯು ನೆನೆದು ಮೈಗೆ ಅಂಟಿಕೊಂಡೇ ಇದ್ದರೆ ವಿಷವು ಒಳಗೆ ಹೋಗುತ್ತಲೇ ಇರುತ್ತದೆ. ಬೆವರೂ ಅದೇ ಕೆಲಸವನ್ನು ಮಾಡುತ್ತದೆ. ಕೈಯಲ್ಲಿ ಗಾಯವಿದ್ದರೆ ಇನ್ನೂ ಬೇಗ. ನಮ್ಮ ಸೀಮೆಯಲ್ಲಿ ಸೊಪ್ಪು ಮುರಿಯುವ ತಿಂಗಳುಗಳೇ ಮಳೆಯ ತಿಂಗಳುಗಳೂ ಆಗಿರುವುದನ್ನು ಇಲ್ಲಿ ಗಮನಿಸಬೇಕು. ಹೊಲಕ್ಕಿಳಿಯದೆ, ಮನೆಯ ಜಗಲಿಯಲ್ಲಿ ಕುಳಿತು ಹಸಿ ಎಲೆಯನ್ನು ಕಡ್ಡಿಗೆ ಕಟ್ಟುವ ಹೆಂಗಸರಿಗೂ ಈ ಅಪಾಯವಿಲ್ಲವೆಂದು ಹೇಳಲಾಗದು.

ಸೇದುವ ಅಭ್ಯಾಸವಿರುವ ಗಂಡಸರ ದೇಹವು ಈ ವಿಷಕ್ಕೆ ಒಗ್ಗಿಹೋಗಿರುವುದರಿಂದ ಅವರಿಗೆ ಲಕ್ಷಣಗಳು ಕಡಿಮೆಯಾಗಿ ಕಾಣುತ್ತವೆ. ಅವರ ಶ್ವಾಸಕೋಶಕ್ಕೂ ಹೃದಯಕ್ಕೂ ಆಗುವ ಕೇಡು ಇದರಿಂದ ಕಡಿಮೆಯಾಗುವುದಿಲ್ಲ. ಹೊಗೆಸೊಪ್ಪನ್ನು ಬಾಯಿಗೂ ಮೂಗಿಗೂ ತಾರದ ಹೆಂಗಸರೂ ಮಕ್ಕಳೂ ಅದಕ್ಕೆ ಬೇಗನೆ ಈಡಾಗುತ್ತಾರೆ. ಮಕ್ಕಳ ದೇಹವು ಚಿಕ್ಕದಾದ್ದರಿಂದ ಅದೇ ಪ್ರಮಾಣದ ವಿಷವು ಅವರಿಗೆ ಹೆಚ್ಚಾಗುತ್ತದೆ. ಶ್ರಾವಣದ ದಿನಗಳಲ್ಲಿ ಕೆಲವು ಬಾಲಿಕೆಯರು ಬೆಳಗಿನ ಹೊತ್ತು ಹೊಲದಲ್ಲಿ ಕೈನೆರವು ಮಾಡಿ, ನೆನೆದ ಲಂಗದಲ್ಲಿಯೇ ಶಾಲೆಗೆ ಬಂದು, ಎರಡನೆಯ ಘಂಟೆಯಲ್ಲಿ ಮೇಜಿನ ಮೇಲೆ ತಲೆಯಿಟ್ಟು ಮಲಗುವುದನ್ನು ನಾವು ಕಂಡಿದ್ದೇವೆ. ಅಂಥವಳನ್ನು ಸೋಮಾರಿಯೆಂದು ಗದರಿಸುವುದಕ್ಕೆ ಮುಂಚೆ, ಅವಳ ಕೈಯನ್ನು ನೋಡಬೇಕೆಂದು ಉಪಾಧ್ಯಾಯಿನಿಯರಾದ ನಾವೆಲ್ಲರೂ ನೆನಪಿಡತಕ್ಕದ್ದು. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಕೂಲಿಗೆ ಇಡಕೂಡದೆಂದು ೨೦೧೬ರಲ್ಲಿ ತಿದ್ದಲ್ಪಟ್ಟ ಕಾನೂನು ಹೇಳುತ್ತದೆ. ಶಾಲೆಯ ವೇಳೆಯ ಹೊರಗೆ, ಅಪಾಯವಲ್ಲದ ಮನೆಗೆಲಸದ ಕಸುಬಿನಲ್ಲಿ ಹೆತ್ತವರಿಗೆ ನೆರವಾಗುವುದಕ್ಕೆ ಮಾತ್ರ ಎಡೆಗೊಟ್ಟಿದೆ. ಎಲೆಯ ಮೇಲಿನ ವಿಷವಾದರೋ ಇವಳು ಮನೆಮಗಳು, ಇವಳು ಕೂಲಿಯವಳು ಎಂಬ ಭೇದವನ್ನು ಅರಿಯದು.

ಈ ಬಾಧೆಯನ್ನು ತಡೆಯುವ ಉಪಾಯಗಳು ಕಷ್ಟವಾದವುಗಳಲ್ಲ. ಅಹಮದಾಬಾದಿನಲ್ಲಿರುವ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ೧೯೮೦ರ ದಶಕದಲ್ಲಿ ಗುಜರಾತಿನ ಹೊಗೆಸೊಪ್ಪಿನ ಕೆಲಸಗಾರರನ್ನು ಪರೀಕ್ಷಿಸಿ, ಅವರ ಮೂತ್ರದಲ್ಲಿ ನಿಕೋಟಿನಿನ ಅಂಶವನ್ನು ಕಂಡು, ಕೈಗವಸು ಮುಂತಾದ ರಕ್ಷಣೆಗಳಿಂದ ಅದು ಕಡಿಮೆಯಾಗುವುದನ್ನು ತೋರಿಸಿದರು. ಆದಕಾರಣ ಈ ಕೆಳಗಿನ ಮಾತುಗಳನ್ನು ಮನೆಮನೆಗೂ ತಿಳಿಸತಕ್ಕದ್ದು. ಎಲೆಯ ಮೇಲಿನ ನೀರು ಆರುವ ವರೆಗೆ ಸಾಧ್ಯವಾದಷ್ಟು ಕಾಯಬೇಕು. ನೀರು ಹೀರದ ರಬ್ಬರಿನ ಕೈಗವಸನ್ನೂ, ತೋಳು ಮುಚ್ಚುವ ಅಂಗಿಯನ್ನೂ ತೊಡಬೇಕು. ಮಳೆಯಿದ್ದರೆ ಪ್ಲಾಸ್ಟಿಕ್ಕಿನ ಹೊದಿಕೆಯನ್ನಾದರೂ ಮೈಮೇಲೆ ಹಾಕಿಕೊಳ್ಳಬೇಕು. ಎಲೆಯ ಹೊರೆಯನ್ನು ಬರಿಯ ಕಂಕುಳಲ್ಲಿ ಅವುಚಿಕೊಳ್ಳಬಾರದು. ಬಟ್ಟೆ ನೆನೆದರೆ ಕೂಡಲೆ ಬದಲಾಯಿಸಬೇಕು. ಕೆಲಸ ಮುಗಿದೊಡನೆ, ಊಟಕ್ಕೆ ಕುಳಿತುಕೊಳ್ಳುವುದಕ್ಕೆ ಮುಂಚೆಯೇ, ಸಾಬೂನಿನಿಂದ ಮೈಕೈ ತೊಳೆಯಬೇಕು. ಕೆಲಸದ ಬಟ್ಟೆಯನ್ನು ಕೂಸಿನ ಬಟ್ಟೆಯ ಜೊತೆಗೆ ಒಗೆಯಬಾರದು. ಗರ್ಭಿಣಿಯರನ್ನೂ ಮಕ್ಕಳನ್ನೂ ಹಸಿ ಎಲೆಯ ಕೆಲಸಕ್ಕೆ ಹಚ್ಚಬಾರದು. ತಲೆಸುತ್ತು ವಾಂತಿಗಳು ಆರಂಭವಾದರೆ ಕೆಲಸವನ್ನು ಬಿಟ್ಟು, ಮೈ ತೊಳೆದು, ನೆರಳಿನಲ್ಲಿ ವಿಶ್ರಮಿಸಿ ನೀರು ಕುಡಿಯಬೇಕು. ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ವಾಸಿಯಾಗುತ್ತದೆ. ಉಸಿರಾಟಕ್ಕೆ ತೊಂದರೆಯಾದರೆ ಅಥವಾ ವಾಂತಿ ನಿಲ್ಲದಿದ್ದರೆ ಆಸ್ಪತ್ರೆಗೆ ಕರೆದುಕೊಂಡುಹೋಗಿ, ಹಸಿ ಹೊಗೆಸೊಪ್ಪಿನ ಕೆಲಸ ಮಾಡಿದ್ದನ್ನೂ, ಹೊಲಕ್ಕೆ ಕೀಟದ ಔಷಧಿ ಹೊಡೆದಿದ್ದರೆ ಅದನ್ನೂ ವೈದ್ಯರಿಗೆ ತಪ್ಪದೆ ಹೇಳಬೇಕು. ಯಾಕಂದರೆ ಆ ಔಷಧಿಯ ವಿಷಬಾಧೆಯೂ ನೋಡುವುದಕ್ಕೆ ಹೀಗೆಯೇ ಇರುತ್ತದೆ. ಚಿಕಿತ್ಸೆಯು ಮಾತ್ರ ಬೇರೆ.

ಎಲೆಯು ಕೈಯಿಂದ ಬ್ಯಾರನ್ನಿಗೆ ಹೋದ ಮೇಲೆ ಪರಿಸರಕ್ಕೆ ಸಂಬಂಧಪಟ್ಟ ಇನ್ನೊಂದು ವಿಷಯವು ಎದುರಾಗುತ್ತದೆ. ಮೊದಲು ಮಂದವಾದ ಬಿಸಿಯಲ್ಲಿ ಎಲೆಯೊಳಗಿನ ಪಿಷ್ಟವು ಸಕ್ಕರೆಯಾಗಿ ಮಾರ್ಪಟ್ಟು ಹಸುರು ಹೋಗಿ ಹಳದಿ ಬರುತ್ತದೆ. ಆಮೇಲೆ ಬಿಸಿಯನ್ನು ಕ್ರಮವಾಗಿ ಏರಿಸಿ, ಕಡೆಗೆ ಸುಮಾರು ೭೦ ಡಿಗ್ರಿಯಲ್ಲಿ ಎಲೆಯ ನಡುನರವನ್ನೂ ಒಣಗಿಸುತ್ತಾರೆ. ಇದಕ್ಕೆ ಐದಾರು ದಿನ ಹಗಲುರಾತ್ರಿ ಒಲೆ ಉರಿಯಬೇಕು. ಹದವಾದ ಒಂದು ಕಿಲೋಗ್ರಾಂ ಸೊಪ್ಪಿಗೆ ಸುಮಾರು ನಾಲ್ಕೈದು ಕಿಲೋಗ್ರಾಂ ಸೌದೆ ಬೇಕಾಗುತ್ತದೆಂದು ಲೆಕ್ಕ. ಹಾಗಾದರೆ ೧,೦೦೦ ಕಿಲೋಗ್ರಾಂ ಸೊಪ್ಪನ್ನು ಹದಮಾಡುವ ಒಂದು ಮನೆಯು ಒಂದು ವರ್ಷಕ್ಕೆ ನಾಲ್ಕೈದು ಟನ್ ಸೌದೆಯನ್ನು ಸುಡಬೇಕು. ಒಂದು ಊರಿನಲ್ಲಿರುವ ಬ್ಯಾರನ್ನುಗಳನ್ನು ಎಣಿಸಿ ಗುಣಿಸುವುದನ್ನು ನಮ್ಮ ಗಣಿತದ ವಿದ್ಯಾರ್ಥಿನಿಯರಿಗೇ ಬಿಡುತ್ತೇವೆ. ನಾಗರಹೊಳೆಯ ಅರಣ್ಯವು ನಮ್ಮ ಬಾಗಿಲಲ್ಲಿಯೇ ಇದೆ. ಹೊಲದ ಬದುಗಳಲ್ಲಿದ್ದ ಮಾವು ಹುಣಿಸೆಯ ಮರಗಳೂ ಒಲೆಗೆ ಹೋಗುತ್ತವೆ. ಮರವಿಲ್ಲದ ಬದುವಿನ ಮೇಲೆ ಮಳೆ ಬಿದ್ದಾಗ ಕೆಂಪು ಮಣ್ಣು ಲಕ್ಷ್ಮಣತೀರ್ಥಕ್ಕೂ ಕಬಿನಿಗೂ ಹರಿದುಹೋಗುತ್ತದೆ. ಬ್ಯಾರನ್ನಿನ ಮಾಡಿಗೆ ಬಿಸಿ ಹೊರಗೆ ಹೋಗದಂತೆ ಹೊದಿಕೆ ಹಾಕುವುದು, ಸಂದುಗಳನ್ನು ಮುಚ್ಚುವುದು, ಕಾಫಿಯ ಹೊಟ್ಟು ಮುಂತಾದವುಗಳಿಂದ ಒತ್ತಿದ ಉರುವಲನ್ನು ಉಪಯೋಗಿಸುವುದು, ಸೌದೆಗೆ ಬೇಕಾದ ಮರವನ್ನು ತಮ್ಮ ನೆಲದಲ್ಲಿಯೇ ಬೆಳಸುವುದು ಇವುಗಳಿಂದ ಈ ನಷ್ಟವನ್ನು ಕಡಿಮೆಮಾಡಬಹುದು.

ಇಷ್ಟು ಕೇಡಿರುವ ಬೆಳೆಯನ್ನು ಬಿಟ್ಟೇಬಿಡಬಾರದೇ ಎಂದು ಪಟ್ಟಣದವರು ಕೇಳುತ್ತಾರೆ. ಹೊಗೆಸೊಪ್ಪಿನ ಸೇವನೆಯಿಂದ ಲೋಕದಲ್ಲಿ ವರ್ಷಕ್ಕೆ ೭೦ ಲಕ್ಷಕ್ಕಿಂತ ಹೆಚ್ಚು ಜನರು ಸಾಯುತ್ತಾರೆಂಬದನ್ನು ವಿಶ್ವ ಆರೋಗ್ಯ ಸಂಸ್ಥೆಯು ಸಾರಿದೆ. ಇದನ್ನು ನಾವು ಮರೆಮಾಡುವುದಿಲ್ಲ. ಭಾರತವು ೨೦೦೪ರಲ್ಲಿ ಅಂಗೀಕರಿಸಿದ ಅಂತರರಾಷ್ಟ್ರೀಯ ಒಡಂಬಡಿಕೆಯಲ್ಲಿಯೂ, ಬೆಳೆಗಾರರಿಗೆ ಜೀವನ ಸಾಗುವಂಥ ಬೇರೆ ದಾರಿಯನ್ನು ಒದಗಿಸಬೇಕೆಂಬ ವಿಧಿಯುಂಟು. ಆದರೆ ಮಳೆಯನ್ನೇ ನಂಬಿದ ಎರಡು ಎಕರೆಯ ಹೊಲದಲ್ಲಿ, ಗೊತ್ತಾದ ಕಟ್ಟೆಯಲ್ಲಿ ಹರಾಜಾಗಿ ಹಣ ಕೈಸೇರುವ ಬೇರೆ ಬೆಳೆಯು ಸುಲಭವಾಗಿ ದೊರಕುವುದಿಲ್ಲ. ನಮ್ಮಲ್ಲಿ ಓದಿದ ಎಷ್ಟೋ ಹೆಣ್ಣುಮಕ್ಕಳ ಪುಸ್ತಕಗಳೂ ಸಮವಸ್ತ್ರಗಳೂ ಆ ಹಣದಿಂದಲೇ ಬಂದವು. ಆದಕಾರಣ ಬೆಳೆಗಾರನನ್ನು ನಿಂದಿಸುವುದಕ್ಕೆ ನಮಗೆ ಮನಸ್ಸು ಬಾರದು. ಸಂಶೋಧನೆಯ ದಾರಿಗಳಾದರೂ ತೆರೆಯುತ್ತಿವೆ. ಕೇಂದ್ರೀಯ ತಂಬಾಕು ಸಂಶೋಧನಾ ಸಂಸ್ಥೆಯೆಂಬ ಹೆಸರಿನಿಂದ ೧೯೪೭ರಲ್ಲಿ ರಾಜಮಹೇಂದ್ರಿಯಲ್ಲಿ ಸ್ಥಾಪಿಸಲ್ಪಟ್ಟ ಸಂಸ್ಥೆಯ ಕೇಂದ್ರವೊಂದು ನಮ್ಮ ಹುಣಸೂರಿನಲ್ಲಿಯೇ ಇದೆ. ಹೊರದೇಶಗಳಲ್ಲಿ ಹೊಗೆಸೊಪ್ಪಿನ ಒಂದು ಆಸ್ಟ್ರೇಲಿಯದ ಬಂಧುವನ್ನು ಔಷಧಿಗಳನ್ನು ತಯಾರಿಸುವುದಕ್ಕೆ ಉಪಯೋಗಿಸಿದ್ದಾರೆ. ೨೦೧೪ರಲ್ಲಿ ಎಬೋಲಾ ರೋಗಿಗಳಿಗೆ ಪ್ರಯೋಗಾರ್ಥವಾಗಿ ಕೊಟ್ಟ ಒಂದು ಮದ್ದು ಆ ಗಿಡದ ಎಲೆಯಲ್ಲಿಯೇ ತಯಾರಾದದ್ದು.

ಇವೆಲ್ಲವುಗಳ ತಾತ್ಪರ್ಯವೇನಂದರೆ, ಈ ಗಿಡದ ಬೇರು, ಎಲೆ, ವಾಸನೆ, ಶಬ್ದ, ರೋಗ ಇವುಗಳನ್ನು ಕುರಿತು ದೂರದೇಶದ ಪಂಡಿತರು ಬಹಳವಾಗಿ ತಿಳಿದುಕೊಂಡಿದ್ದಾರೆ. ಅದನ್ನು ಪ್ರತಿದಿನವೂ ಮುಟ್ಟುವ ನಮ್ಮ ಹೆಂಗಸರಿಗೆ ಆ ತಿಳುವಳಿಕೆಯಲ್ಲಿ ಅತ್ಯವಶ್ಯವಾದ ಭಾಗವು ಇನ್ನೂ ಸರಿಯಾಗಿ ಮುಟ್ಟಿಲ್ಲ. ಆ ದೂರವನ್ನು ಕಡಿಮೆಮಾಡುವುದು ವಿದ್ಯೆ ಕಲಿತವರ ಕೆಲಸ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಉಪಾಧ್ಯಾಯಿನಿಯರೂ ದಾದಿಯರೂ ಆಶಾ ಕಾರ್ಯಕರ್ತೆಯರೂ ಅಂಗನವಾಡಿಯವರೂ ಅನೇಕರಿದ್ದಾರೆ. ಮುಂದಿನ ಮುಂಗಾರಿಗೆ ಸೊಪ್ಪು ಮುರಿಯುವ ಕಾಲವು ಬರುವುದಕ್ಕೆ ಮುಂಚೆ, ಅವರಲ್ಲಿ ಒಬ್ಬೊಬ್ಬರೂ ತಮ್ಮ ಊರಿನ ಹತ್ತು ಮನೆಗಳಿಗೆ ಹೋಗಿ, ನೆನೆದ ಎಲೆಯಿಂದ ಚರ್ಮದ ಮೂಲಕ ವಿಷವು ಏರುವುದನ್ನೂ, ಕೈಗವಸು ಸಾಬೂನು ಒಣಬಟ್ಟೆಗಳಿಂದ ಅದನ್ನು ತಡೆಯಬಹುದಾದದ್ದನ್ನೂ ತಿಳಿಸಿದರೆ, ಈ ಲೇಖನವನ್ನು ಬರೆದದ್ದು ಸಾರ್ಥಕವಾಯಿತೆಂದು ತಿಳಿಯುವೆವು. ಈಗ ಶಾಲೆಯಲ್ಲಿರುವ ಬಾಲಿಕೆಯರಿಗಾದರೋ ಒಂದೇ ಮಾತು: ಇಂದು ಸಂಜೆ ಮನೆಗೆ ಹೋದಾಗ ಈ ಪುಟಗಳನ್ನು ನಿಮ್ಮ ತಾಯಂದಿರಿಗೆ ಗಟ್ಟಿಯಾಗಿ ಓದಿ ಹೇಳಿರಿ.